ಆಲಿಕಲ್ಲು ಮಳೆಗೆ ಸೈಕಲ್ ಟ್ಯೂಬು: ನನ್ನ ತಾರಸಿ ತೋಟದ ಅನುಭವ

‘ಸಾರ್, ರಬ್ಬರ್ ಕಟ್ಟಿದ್ರೆ ಬೆಂಗಳೂರಿನ ಗಾಳಿಗೆ ನಿಲ್ಲುತ್ತಾ?’ ಅಂತ ವೆಲ್ಡರ್ ಕೇಳಿದ್ದರು, ಗಿಡಗಳ ಮೇಲಿನ ನೆಟ್ಟನ್ನು ಹಳೇ ಸೈಕಲ್ ಟ್ಯೂಬಿನಿಂದ ಕಟ್ಟುತ್ತೇನೆ ಅಂದಾಗ. ಮನೆಯಲ್ಲೂ ಯಾರೂ ನಂಬಿರಲಿಲ್ಲ. 2024ರ ಜೂನ್ 2ರ ಭಾನುವಾರ ನೆನಪಿದೆ ಅಲ್ವಾ? ಒಂದೇ ದಿನ 111 ಮಿ.ಮೀ. ಮಳೆ, ಊರ ತುಂಬ ಮರ ಬಿದ್ದವು. ನನ್ನ ನೆಟ್ಟು ಕಿತ್ತುಹೋಗಲಿಲ್ಲ.

ಅದಕ್ಕೂ ಮುಂಚೆ ಕಳೆದುಕೊಂಡಿದ್ದೇ ಜಾಸ್ತಿ. ಮೊದಲು ಪಾಲಿಥಿನ್ ಹೊದಿಸಿದೆ, ಮೂರು ಸಾವಿರದ ಹತ್ತಿರ ಆಯ್ತು. ಏಪ್ರಿಲ್‌ನ ಮೊದಲ ಗಾಳಿಗೇ ಹರಿದು ಪಕ್ಕದ ಮನೆ ನೀರಿನ ಟ್ಯಾಂಕಿಗೆ ಸುತ್ತಿಕೊಂಡಿತು. ಆಮೇಲೆ ಜಿಐ (ಸತು ಲೇಪಿತ ಕಬ್ಬಿಣ) ಪೈಪಿನ ಚಪ್ಪರ ಹಾಕಿಸಿ, ಮೇಲೆ ಅರ್ಧ ಬಿಸಿಲು ತಡೆಯುವ 50 ಪರ್ಸೆಂಟ್ ಶೇಡ್ ನೆಟ್ಟನ್ನು ಸಪಾಟಾಗಿ ಬಿಗಿದೆ. ಕೂಲಿ ಸೇರಿ ಹನ್ನೊಂದು ಸಾವಿರ ಇರಬೇಕು. ಆಲಿಕಲ್ಲು ಬಿದ್ದ ಸಂಜೆ ಅದು ತೊಟ್ಟಿಲಿನಂತೆ ಜೋತುಬಿತ್ತು. ಕಟ್ಟಿದ ತಂತಿ ನೆಟ್ಟನ್ನು ಕೊಯ್ದು, ಅಷ್ಟೂ ಆಲಿಕಲ್ಲು ಟೊಮ್ಯಾಟೊ ಮೇಲೆ ಸುರಿಯಿತು. ಇಪ್ಪತ್ತು ಗಿಡ ಹೋದವು. ಉಳಿದ ಕಾಯಿಗಳ ಮೇಲೆ ಬಿಳಿ ಚುಕ್ಕೆ, ಎರಡು ದಿನಕ್ಕೆ ಅದೇ ಜಾಗ ಕಪ್ಪಾಗಿ ಮೆತ್ತಗಾಯ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ನೆಟ್ಟು ಸಪಾಟಾಗಿತ್ತು, ಕಟ್ಟು ಬಿಗಿಯಾಗಿತ್ತು. ಕೆಡಿಸಿದ್ದು ಇವೆರಡೇ. ನಡುವೆ ಇನ್ನೊಂದು ಪೈಪ್ ಎತ್ತರಿಸಿದೆ: ನಡುವೆ ಎಂಟೂವರೆ ಅಡಿ, ಅಂಚಿಗೆ ಆರು. ಎರಡೂ ಕಡೆ ಇಳಿಜಾರು. ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬು ತಂದು ಪಟ್ಟಿ ಕತ್ತರಿಸಿದೆ, ನೂರು ರೂಪಾಯಿಯೂ ಆಗಲಿಲ್ಲ. ನೆಟ್ಟಿನ ಅಂಚಿನಲ್ಲಿ ಗೋಲಿ ಗಾತ್ರದ ನುಣುಪು ಕಲ್ಲಿಟ್ಟು ಮಡಚಿ, ಕಲ್ಲಿನ ಬುಡದಲ್ಲಿ ನೆಟ್ಟು ಕುತ್ತಿಗೆಯಂತೆ ಸೇರಿದ ಕಡೆ ಟ್ಯೂಬು ಸುತ್ತಿ ಪೈಪಿಗೆ ಕಟ್ಟಬೇಕು. ನೆಟ್ಟಿಗೆ ತೂತು ಮಾಡಲೇಬೇಡಿ. ಗಾಳಿ ಬಂದರೆ ನೆಟ್ಟು ಒಂದು ಗೇಣು ಎದ್ದು ಮತ್ತೆ ಕೂರುತ್ತದೆ. ಬಿಸಿಲಿಗೆ ಟ್ಯೂಬು ಬಿರಿಯುತ್ತದೆ, ಹಾಗಾಗಿ ಪ್ರತಿ ಯುಗಾದಿಗೆ ಹೊಸದು. ಕಟ್ಟುಗಳ ನಡುವಿನ ಅಂತರ ಎಷ್ಟು, ಯಾವ ಮೂಲೆ ಸಡಿಲ ಅನ್ನೋದನ್ನು ಮಾತ್ರ ನಾನು ಹೇಳಲ್ಲ. ಎರಡು ವರ್ಷ ಒದ್ದಾಡಿ ಕಂಡುಕೊಂಡದ್ದು ಅದು.

ಇದರ ಮಧ್ಯೆ ಒಮ್ಮೆ ಪಶ್ಚಿಮದ ಕಡೆ ಬಸಳೆ ಹಬ್ಬಿಸಿ ಗಾಳಿ ತಡೆಯಲು ನೋಡಿದೆ. ಗಾಳಿ ನಿಜಕ್ಕೂ ತಗ್ಗಿತು, ತಂಬುಳಿಗೂ ಸೊಪ್ಪಾಯ್ತು. ಆದರೆ ಅದರ ನೆರಳಲ್ಲಿ ಬಸವನಹುಳು ಸೇರಿಕೊಂಡು ಬೀನ್ಸ್ ಸಸಿಗಳನ್ನೆಲ್ಲ ತಿಂದುಹಾಕಿದವು. ಈಗ ಅಲ್ಲಿ ಬರೀ ಹೀರೆ ಬಳ್ಳಿ. ಗ್ರೋ ಬ್ಯಾಗಿಗೆ (ಗಿಡ ಬೆಳೆಸುವ ಚೀಲ) ತಳದಿಂದ ಎರಡು ಬೆರಳು ಮೇಲೆ ಪಕ್ಕದಲ್ಲೂ ತೂತಿರಲಿ, ಜೋರು ಮಳೆಗೆ ತಳದ ತೂತು ಸಾಲಲ್ಲ.

ಈ ಬೇಸಿಗೆಯ ಆಲಿಕಲ್ಲು ಮಳೆ ನಿಂತ ಕೂಡಲೇ ಟಾರ್ಚ್ ಹಿಡಿದು ಮೇಲೆ ಹೋದೆ. ಪ್ಯಾರಾಪೆಟ್ ಬುಡದಲ್ಲಿ ಆಲಿಕಲ್ಲಿನ ರಾಶಿ. ಒಳಗೆ ಮೆಣಸಿನ ಹೂವೂ ಉದುರಿರಲಿಲ್ಲ. ಕಳೆದ ವಾರ ಅದೇ ವೆಲ್ಡರ್ ಬಂದು ಇಳಿಜಾರಿನ ಅಳತೆ ಬರೆದುಕೊಂಡು ಹೋದರು.