ಕ್ಲಚ್ ಪ್ಲೇಟ್ ನೀವೇ ಬದಲಿಸುವುದಾದರೆ: ವೆಟ್ಟೋ ಡ್ರೈಯೋ, ಮೊದಲು ನೋಡಿಕೊಳ್ಳಿ

ಹೋದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ ತನ್ನ ಸ್ಪೋರ್ಟ್ಸ್ ಬೈಕನ್ನು ತಳ್ಳಿಕೊಂಡು ಬಂದ. "ಅಣ್ಣಾ, ಮೊನ್ನೆ ತಾನೇ ಹೊಸ ಪ್ಲೇಟ್ ಹಾಕಿದೀನಿ, ಆಗ್ಲೇ ಸ್ಲಿಪ್ ಹೊಡೀತಿದೆ." ಕವರ್ ಬಿಚ್ಚಿದರೆ ಗಪ್ಪನೆ ಸುಟ್ಟ ವಾಸನೆ. ಸ್ಟೀಲ್ ಪ್ಲೇಟುಗಳು ನೀಲಿಗಟ್ಟಿದ್ದವು, ಹಿಡಿತಕ್ಕೆಂದು ಲೈನಿಂಗ್ ಅಂಟಿಸಿರುವ ಫ್ರಿಕ್ಷನ್ ಪ್ಲೇಟುಗಳ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ವಿಡಿಯೋ ನೋಡಿಕೊಂಡು ಹಾಕಿದ್ದನಂತೆ. ತೋರಿಸು ಎಂದೆ. ವಿಡಿಯೋದಲ್ಲಿದ್ದದ್ದು ಡುಕಾಟಿ 996. ಅದರದು ಡ್ರೈ ಕ್ಲಚ್, ಡಬ್ಬಿಯಿಂದ ತೆಗೆದ ಪ್ಲೇಟನ್ನು ಹಾಗೇ ಕೂರಿಸುತ್ತಾರೆ. ಇವನದು ವೆಟ್ ಕ್ಲಚ್. ಎಣ್ಣೆ ಕುಡಿಸದೆ ಕೂರಿಸಿದ್ದಕ್ಕೆ ಮೂರು ದಿನಕ್ಕೇ ಪ್ಲೇಟ್ ಹೋಯಿತು.

ಹಾಗಾಗಿ ಸ್ಪ್ಯಾನರ್ ಮುಟ್ಟುವ ಮೊದಲು ನಿಮ್ಮ ಗಾಡಿಯಲ್ಲಿ ಯಾವ ಕ್ಲಚ್ ಇದೆ ಎಂದು ಖಚಿತ ಮಾಡಿಕೊಳ್ಳಿ.

1. ಯಾವುದು ನಿಮ್ಮದು?

ನಮ್ಮಲ್ಲಿ ಓಡುವ ಆರ್15, ಅಪಾಚೆ, ಡ್ಯೂಕ್, ಪಲ್ಸರ್ ಎಲ್ಲವೂ ವೆಟ್. ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮೀಯುತ್ತಾ ತಿರುಗುತ್ತವೆ. ಡ್ರೈ ಎಂದರೆ ಎಣ್ಣೆಯ ಸೋಂಕೂ ಇಲ್ಲದ, ಗಾಳಿಗೇ ತಣ್ಣಗಾಗಬೇಕಾದ ಕ್ಲಚ್. 1994ರ ಡುಕಾಟಿ 916ರಿಂದ 1198ರವರೆಗೆ ಆ ಕಂಪನಿಯ ಸೂಪರ್‌ಬೈಕುಗಳ ಗುರುತೇ ಅದಾಗಿತ್ತು. 2012ರ 1199 ಪನಿಗಾಲೆಯಲ್ಲಿ ಅವರೂ ವೆಟ್‌ಗೆ ಬಂದರು. ಆಮೇಲೆ ಸೂಪರ್‌ಬೈಕ್ ರೇಸಿಗೆ ತಕ್ಕಂತೆ ಮಾಡಿದ ಪನಿಗಾಲೆ ವಿ4 ಆರ್‌ನಲ್ಲಿ ಮತ್ತೆ ಡ್ರೈ ಹಾಕಿದರು.

ಕಿವಿ ಇದ್ದರೆ ಕೈಪಿಡಿಯೂ ಬೇಡ. ಐಡಲ್‌ನಲ್ಲಿ ಕ್ಲಚ್ ಲಿವರ್ ಹಿಡಿಯಿರಿ. ತಗಡಿನ ಡಬ್ಬದಲ್ಲಿ ಚಮಚಗಳನ್ನು ಹಾಕಿ ಅಲ್ಲಾಡಿಸಿದ ಹಾಗೆ ಗಲಗಲ ಅಂದರೆ ಅದು ಡ್ರೈ. ಪ್ಲೇಟಿನ ಕಿವಿಗೂ (ಅಂಚಿನಲ್ಲಿ ಚಾಚಿದ ಹಲ್ಲು) ಬಾಸ್ಕೆಟ್ಟಿನ (ಪ್ಲೇಟುಗಳು ಕೂರುವ ಬುಟ್ಟಿಯಂಥ ಭಾಗ) ಸೀಳಿಗೂ ನಡುವೆ ಇರುವ ಸಂದಿನಲ್ಲಿ ಸದ್ದು ನುಂಗಲು ಎಣ್ಣೆ ಇಲ್ಲ, ಅಷ್ಟೇ. ಕೆಲವರಿಗೆ ಅದು ಸಂಗೀತ. ನನಗೆ ತಲೆನೋವು.

"ಡ್ರೈ ಕ್ಲಚ್ ಅಂದ್ರೆ ರೇಸಿಂಗ್, ಅದೇ ಬೆಸ್ಟ್" ಎನ್ನುವವರಿಗೆ ಒಂದು ಮಾತು. ರೇಸಿನವರು ಡ್ರೈ ಇಟ್ಟುಕೊಳ್ಳುವುದಕ್ಕೆ ಕಾರಣಗಳಿವೆ: ಎಣ್ಣೆಯನ್ನು ಕಡೆಯುವುದರಲ್ಲಿ ಶಕ್ತಿ ವ್ಯರ್ಥವಾಗುವುದಿಲ್ಲ, ಸವೆದ ಪುಡಿ ಎಂಜಿನ್ ಆಯಿಲಿಗೆ ಸೇರುವುದಿಲ್ಲ, ಎರಡು ಸೆಷನ್ ನಡುವೆ ಆಯಿಲ್ ಮುಟ್ಟದೆ ಪ್ಲೇಟ್ ಬದಲಿಸಬಹುದು. ಚಳಿಯ ಬೆಳಿಗ್ಗೆ ಮೊದಲ ಗೇರ್ ಹಾಕಿದಾಗ ವೆಟ್ ಕ್ಲಚ್ ಗಾಡಿ ‘ಟಕ್’ ಎಂದು ಮುಂದಕ್ಕೆ ಎಗರುತ್ತದಲ್ಲ, ಅದು ಪ್ಲೇಟುಗಳ ನಡುವಿನ ಎಣ್ಣೆಯ ಅಂಟು. ಡ್ರೈಯಲ್ಲಿ ಆ ಕಾಟವಿಲ್ಲ. ಆದರೆ ರೇಸಿನಲ್ಲಿ ಹಾಫ್ ಕ್ಲಚ್ ಬೇಕಾಗುವುದು ಹೆಚ್ಚಾಗಿ ಹೊರಡುವಾಗ ಒಮ್ಮೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ಹಾಫ್ ಕ್ಲಚ್‌ನಲ್ಲಿ ತೆವಳುವವರಿಗೆ ಬಿಸಿಯನ್ನು ಹೊತ್ತೊಯ್ಯಲು ಎಣ್ಣೆ ಬೇಕೇ ಬೇಕು. ರಸ್ತೆಗೆ ವೆಟ್, ಇದರಲ್ಲಿ ನನಗೆ ಎರಡು ಮಾತಿಲ್ಲ.

2. ಪ್ಲೇಟ್ ನಿಜಕ್ಕೂ ಹೋಗಿದೆಯೇ?

ಟಾಪ್ ಗೇರಿನಲ್ಲಿ, ಮಧ್ಯಮ ವೇಗದಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿ. ಆರ್‌ಪಿಎಂ ಮುಳ್ಳು ಏರಿ, ವೇಗ ಮಾತ್ರ ಅಲ್ಲೇ ನಿಂತರೆ ಸ್ಲಿಪ್. ಆದರೂ ತಕ್ಷಣ ಪ್ಲೇಟ್ ತರಲು ಓಡಬೇಡಿ. ಕೇಬಲ್ ಬಿಗಿಯಾಗಿದ್ದರೂ ಹೀಗೇ ಆಗುತ್ತದೆ. ಲಿವರ್ ತುದಿಯಲ್ಲಿ 10ರಿಂದ 15 ಮಿ.ಮೀ. ಆಟ, ಅಂದರೆ ಕ್ಲಚ್ ಎಳೆಯಲು ಶುರುವಾಗುವ ಮೊದಲಿನ ಸಡಿಲ, ಇರಬೇಕು.

ಇನ್ನೊಂದು ಕಾರಣ ಆಯಿಲ್. ವೆಟ್ ಕ್ಲಚ್‌ಗೆ ಜಾಸೋ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಎಂದು ಬರೆದಿರುವ ಆಯಿಲ್ ಬೇಕು. ಮನೆಯಲ್ಲಿ ಸ್ಕೂಟರಿಗೆ ತಂದು ಉಳಿದಿತ್ತು ಎಂದು ಜಾಸೋದ ಹೆಚ್ಚು ಜಾರುವ ದರ್ಜೆಯಾದ ಎಂಬಿ ಆಯಿಲನ್ನು ಬೈಕಿಗೆ ಸುರಿದವರನ್ನು ಕಂಡಿದ್ದೇನೆ. ನಮ್ಮ ಗೇರ್‌ಲೆಸ್ ಸ್ಕೂಟರುಗಳ ಕ್ಲಚ್ ಎಣ್ಣೆಗೆ ಸಿಗದ ಡ್ರೈ ಕ್ಲಚ್ಚೇ, ಅದಕ್ಕೆ ಜಾರುವ ಆಯಿಲ್ ಹಾಕಿದರೂ ನಡೆಯುತ್ತದೆ. ಬೈಕಿನಲ್ಲಿ ಅದೇ ಜಾರಿಕೆ ಪ್ಲೇಟಿಗೂ ತಗಲುತ್ತದೆ. ಕಾರಿನ ಆಯಿಲ್ ಮತ್ತು ‘ಮೈಲೇಜ್ ಹೆಚ್ಚಿಸುವ’ ಪುಟ್ಟ ಬಾಟಲಿಗಳ ಕಥೆಯೂ ಇದೇ. ಆ ಬಾಟಲಿಗಳನ್ನು ಯಾರಾದರೂ ಉಚಿತವಾಗಿ ಕೊಟ್ಟರೂ ಬೇಡ ಎನ್ನಿ.

3. ಬಿಚ್ಚುವುದು

ಕೇಬಲ್ ಸಡಿಲಿಸಿ, ಆಯಿಲ್ ಇಳಿಸಿ, ಬಲಗಡೆಯ ಕವರ್ ಬಿಚ್ಚಿ. ಬೋಲ್ಟುಗಳ ಉದ್ದ ಬೇರೆ ಬೇರೆ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು ಆಯಾ ಜಾಗಕ್ಕೆ ಚುಚ್ಚಿಡಿ. ಹಳೆಯ ಪ್ಯಾಕಿಂಗ್ (ಗ್ಯಾಸ್ಕೆಟ್) ಕೆರೆಯಲು ಬ್ಲೇಡ್ ಬಳಸಬಹುದು, ಸ್ಕ್ರೂಡ್ರೈವರ್ ಖಂಡಿತ ಬೇಡ. ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ.

ಪ್ಲೇಟ್ ಒಂದೊಂದೇ ಹೊರಬರುವಾಗ ಫೋಟೋ ತೆಗೆಯುತ್ತಾ ಹೋಗಿ. ಇದನ್ನು ಬಿಟ್ಟವರು ರಾತ್ರಿ ಹತ್ತಕ್ಕೆ ನನಗೆ ಫೋನ್ ಮಾಡುತ್ತಾರೆ.

4. ಅಳತೆ

ಫ್ರಿಕ್ಷನ್ ಪ್ಲೇಟಿನ ದಪ್ಪವನ್ನು ವರ್ನಿಯರಿನಿಂದ ನಾಲ್ಕು ಕಡೆ ಅಳೆಯಿರಿ. ಹೊಸದಕ್ಕೂ ಸವೆದದ್ದಕ್ಕೂ ವ್ಯತ್ಯಾಸ ಮಿಲಿಮೀಟರಿನ ಕೆಲವೇ ದಶಾಂಶ, ಕಣ್ಣಳತೆ ನಂಬಬೇಡಿ. ಸ್ಟೀಲ್ ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು ಅಂಚಿನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. ಅನೇಕ ಬೈಕುಗಳಲ್ಲಿ ಸೊಟ್ಟದ ಮಿತಿ 0.1ರಿಂದ 0.2 ಮಿ.ಮೀ. ಮಾತ್ರ. ನಿಮ್ಮ ಕೈಪಿಡಿಯ ಅಂಕಿಯೇ ಅಂತಿಮ. ನೀಲಿಗಟ್ಟಿದ ಸ್ಟೀಲ್ ಪ್ಲೇಟನ್ನು ಅಳೆಯುತ್ತಾ ಕೂರಬೇಡಿ, ಎಸೆಯಿರಿ.

ಬಾಸ್ಕೆಟ್ಟಿನ ಸೀಳುಗಳ ಮೇಲೆ ಉಗುರು ಓಡಿಸಿ. ಪ್ಲೇಟಿನ ಕಿವಿ ಬಡಿದು ಬಡಿದು ಮೆಟ್ಟಿಲು ಬಿದ್ದಿದ್ದರೆ ಹೊಸ ಪ್ಲೇಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಲಿವರ್ ಹಿಡಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಸ್ಪ್ರಿಂಗುಗಳನ್ನು ನಾನು ಪ್ರತಿ ಸಲ ಪ್ಲೇಟಿನ ಜೊತೆಯಲ್ಲೇ ಬದಲಿಸುತ್ತೇನೆ. ಅರ್ಧ ಬೆಲೆಯ ಪ್ಲೇಟ್ ಸೆಟ್ ಒಮ್ಮೆ ನಾನೂ ತಂದಿದ್ದೆ. ಮೂರು ತಿಂಗಳಿಗೆ ಅಂಟು ಬಿಟ್ಟು, ಲೈನಿಂಗ್ ತುಂಡುಗಳು ಆಯಿಲ್ ಜಾಲರಿಯಲ್ಲಿ ಕೂತಿದ್ದವು.

5. ಕೂರಿಸುವುದು: ಎಡವುವುದು ಇಲ್ಲೇ

ವೆಟ್ ಆದರೆ ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಹಿಂದಿನ ರಾತ್ರಿಯೇ ಅಗಲ ಪಾತ್ರೆಯಲ್ಲಿ, ಗಾಡಿಗೆ ಹಾಕುವ ಆಯಿಲಿನಲ್ಲೇ ಮುಳುಗಿಸಿಡಿ. ಒಂದರ ಮೇಲೊಂದು ಒತ್ತಿ ಇಡಬೇಡಿ, ನಡುವೆ ಎಣ್ಣೆ ಇಳಿಯಲು ಜಾಗವಿರಲಿ. "ಎರಡೂ ಕಡೆ ಸವರಿದ್ರೆ ಸಾಕು" ಎನ್ನುವ ಮೆಕ್ಯಾನಿಕ್ಕುಗಳಿದ್ದಾರೆ. ಸವರಿದ ಎಣ್ಣೆ ಮೇಲೇ ನಿಲ್ಲುತ್ತದೆ, ಕಾಗದದಂಥ ಲೈನಿಂಗ್ ಒಳಗೆ ಕುಡಿಯಬೇಕಾದದ್ದು ಬೇರೆ.

ಜೋಡಿಸುವಾಗ ಫ್ರಿಕ್ಷನ್, ಸ್ಟೀಲ್, ಫ್ರಿಕ್ಷನ್ ಎಂದು ಒಂದಾದ ಮೇಲೊಂದು. ಇಲ್ಲಿ ಮೂರು ಬಲೆಗಳಿವೆ. ಸ್ಟೀಲ್ ಪ್ಲೇಟಿನ ಒಂದು ಅಂಚು ನುಣುಪು, ಇನ್ನೊಂದು ಚೂಪು, ಬೆರಳಾಡಿಸಿದರೆ ತಿಳಿಯುತ್ತದೆ. ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿರಲಿ. ಎರಡನೆಯದಾಗಿ, ಕೆಲವು ಬೈಕುಗಳಲ್ಲಿ ಎಲ್ಲಕ್ಕಿಂತ ಒಳಗಿನ ಫ್ರಿಕ್ಷನ್ ಪ್ಲೇಟಿನ ಒಳಸುತ್ತು ದೊಡ್ಡದು, ಅದರೊಳಗೆ ನಡುಕ ತಡೆಯುವ ತೆಳು ಸ್ಪ್ರಿಂಗ್ ಬಳೆ ಕೂರುತ್ತದೆ. ಅದನ್ನು ಹಳೆಯ ಪ್ಲೇಟಿನ ಜೊತೆ ಕಸಕ್ಕೆ ಹಾಕಿಬಿಡುತ್ತಾರೆ. ಇನ್ನು ಎಲ್ಲಕ್ಕಿಂತ ಹೊರಗಿನ ಫ್ರಿಕ್ಷನ್ ಪ್ಲೇಟ್ ಹಲವು ಗಾಡಿಗಳಲ್ಲಿ ಬಾಸ್ಕೆಟ್ಟಿನ ಪಕ್ಕದ ಗಿಡ್ಡ ಸೀಳಿಗೆ ಹೋಗಬೇಕು, ಉಳಿದವುಗಳ ಸಾಲಿಗಲ್ಲ.

ಕೊನೆಗೆ ಎಲ್ಲ ಪ್ಲೇಟುಗಳನ್ನೂ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್. ಇದರ ಹಲ್ಲು ನಡುವಿನ ಹಬ್‌ನ (ಸ್ಟೀಲ್ ಪ್ಲೇಟುಗಳು ಕೂರುವ ಭಾಗ) ಹಲ್ಲಿಗೆ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಹಾಗೇ ಬೋಲ್ಟ್ ಬಿಗಿದರೆ ಅಲ್ಯುಮಿನಿಯಂ ಕಂಬ ಪಟ್ಟನೆ ಮುರಿಯುತ್ತದೆ. ಪ್ರೆಷರ್ ಪ್ಲೇಟನ್ನು ಅಂಗೈಯಿಂದ ಒತ್ತಿ ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ. ಒಂದು ಕಡೆ ‘ಡುಬ್’ ಎಂದು ಒಂದೆರಡು ಮಿ.ಮೀ. ಒಳಗಿಳಿಯುತ್ತದೆ. ಆ ಇಳಿತ ಕೈಗೆ ತಿಳಿಯುವವರೆಗೆ ಸ್ಪ್ರಿಂಗ್ ಹಾಕಬೇಡಿ. ಆಮೇಲೆ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತಾ ಬನ್ನಿ. ಈ 6 ಮಿ.ಮೀ. ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ಉದ್ದನೆ ಹಿಡಿಯ ಸ್ಪ್ಯಾನರ್ ದೂರ ಇಡಿ. ಬಿಗಿದ ಮೇಲೆ ಪ್ರತಿ ಫ್ರಿಕ್ಷನ್ ಪ್ಲೇಟಿನ ಕಿವಿಯನ್ನು ಬೆರಳಿನಿಂದ ತಳ್ಳಿ ನೋಡಿ. ಒಂದೇ ಒಂದು ಪ್ಲೇಟ್ ಬಿಡಿಯಾಗಿ ಅಲ್ಲಾಡಿದರೂ ಮತ್ತೆ ಬಿಚ್ಚಿ.

6. ಡ್ರೈ ಆದರೆ

ಎಣ್ಣೆಯ ವಿಷಯದಲ್ಲಿ ಮೇಲಿನದನ್ನು ತಲೆಕೆಳಗು ಮಾಡಿ. ಎಣ್ಣೆಗೈಯಲ್ಲಿ ಪ್ಲೇಟ್ ಮುಟ್ಟಲೇಬೇಡಿ, ಮುಟ್ಟಿದರೆ ಬ್ರೇಕ್ ಕ್ಲೀನರಿನಿಂದ ಒರೆಸಿ. ಬಾಸ್ಕೆಟ್ಟಿನೊಳಗಿನ ಕಪ್ಪು ಪುಡಿಯನ್ನು ಏರ್ ಹೊಡೆದು ಹಾರಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಮಾಸ್ಕ್ ಹಾಕಿ ಒದ್ದೆ ಬಟ್ಟೆಯಿಂದ ತೆಗೆಯಿರಿ. ಹಳೆಯ ಡುಕಾಟಿಗಳಲ್ಲಿ ಒಂದು ಸ್ಟೀಲ್ ಪ್ಲೇಟ್ ಬೇಕೆಂದೇ ತುಸು ಬಾಗಿರುತ್ತದೆ, ಸೊಟ್ಟವೆಂದು ಎಸೆಯಬೇಡಿ. ಪ್ಲೇಟುಗಳ ಸರದಿಯೂ ಮಾದರಿಯಿಂದ ಮಾದರಿಗೆ ಬೇರೆ.

ಡ್ರೈ ಕ್ಲಚ್ ಸ್ಲಿಪ್ ಆಗುತ್ತಿದ್ದು ಪ್ಲೇಟಿನ ಮೇಲೆ ಎಣ್ಣೆ ಕಂಡರೆ, ಕ್ಲಚ್ ಬಿಡಿಸುವ ಪುಷ್ ರಾಡಿನ ಓ ರಿಂಗ್ (ಎಣ್ಣೆ ತಡೆಯುವ ರಬ್ಬರ್ ಬಳೆ) ಸೋರುತ್ತಿದೆಯೇ ನೋಡಿ. ಅದನ್ನು ಬಿಟ್ಟು ಪ್ಲೇಟ್ ಬದಲಿಸಿದರೆ ಹೊಸದೂ ನೆನೆಯುತ್ತದೆ. ಡ್ರೈ ಎಂದ ಮಾತ್ರಕ್ಕೆ ಕೆಲಸ ಸುಲಭವೆಂದೂ ಅಲ್ಲ: 2013ಕ್ಕೆ ಮುಂಚಿನ ಬಿಎಂಡಬ್ಲ್ಯು ಆರ್ 1200 ಜಿಎಸ್‌ನ ಒಂಟಿ ಪ್ಲೇಟ್ ತಲುಪಲು ಹಿಂಚಕ್ರದಿಂದ ಗೇರ್‌ಬಾಕ್ಸಿನವರೆಗೆ ಎಲ್ಲವನ್ನೂ ಕಳಚಬೇಕು.

7. ಮುಚ್ಚುವುದು

ವೆಟ್‌ಗೆ ಹೊಸ ಪ್ಯಾಕಿಂಗ್ ಹಾಕಿ. ಗಮ್ ಬಳಿಯಬೇಡಿ, ಒಳಗೆ ಹಿಸುಕಿಕೊಂಡ ಗಮ್ ಎಳೆಗಳು ಆಯಿಲ್ ದಾರಿ ಮುಚ್ಚುತ್ತವೆ. ಕವರ್ ಬಿಗಿದು, ಆಯಿಲ್ ತುಂಬಿ, ಕೇಬಲ್ ಆಟ ಮತ್ತೆ ಹೊಂದಿಸಿ. ಎರಡು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದ ಮೇಲೆ ಆಯಿಲ್ ಮಟ್ಟ ಇನ್ನೊಮ್ಮೆ ನೋಡಿ. ರಾತ್ರಿ ಗಾಡಿಯ ಅಡಿಗೆ ಹಳೆಯ ಪೇಪರ್ ಹಾಸಿ, ಬೆಳಿಗ್ಗೆ ಅದರ ಮೇಲೆ ಎಣ್ಣೆ ಕಲೆ ಇಲ್ಲದಿದ್ದರೆ ಗಾಡಿ ರಸ್ತೆಗಿಳಿಸಿ.