ಹಳೇ ನುಡಿ ಫೈಲುಗಳು ಮತ್ತೆ ಕನ್ನಡವಾದವು

ಹಾಸನದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆದಿದ್ದ ಬರಹಗಳು ಹಳೇ ಹಾರ್ಡ್ ಡಿಸ್ಕಿನಲ್ಲಿ ಸಿಕ್ಕವು. ತೆರೆದರೆ ಒಂದಕ್ಷರ ಕನ್ನಡವಿಲ್ಲ. ಬರೀ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು!

ಫೈಲ್ ಕೆಟ್ಟಿರಲಿಲ್ಲ. ಆಗಿನ ನುಡಿ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ತೋರಿಸುತ್ತಿತ್ತು. ಫಾಂಟ್ ಇಲ್ಲದಿದ್ದರೆ ಒಳಗಿರುವುದೇ ಕಾಣುತ್ತದೆ. ಫಾಂಟ್ ಹಾಕಿಕೊಂಡರೆ ಓದಬಹುದು, ಆದರೆ ಮೊಬೈಲಿಗೆ ಕಳಿಸಿದರೆ ಮತ್ತೆ ಅದೇ ಕಥೆ. ಅದಕ್ಕೇ ಮೂಲದ ಪ್ರತಿ ಎತ್ತಿಟ್ಟು, ಪರಿವರ್ತಕದಲ್ಲಿ ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿದೆ.

ಮುಕ್ಕಾಲುಪಾಲು ಸರಿಹೋಯಿತು. ಕಾಟ ಕೊಟ್ಟಿದ್ದು ಅರ್ಕಾವೊತ್ತು. ನುಡಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿ ಬಗ್ಗೆ ಬರೆದಿದ್ದೆ. ಅಲ್ಲಿ ‘ದರ್ಶನ’ವೆಲ್ಲಾ ‘ದಶರ್ನ’! ಅಂಥ ಪದಗಳನ್ನು ಒಂದೊಂದಾಗಿ ಹುಡುಕಿ ತಿದ್ದಿದೆ. ನಡುವೆ ಇಂಗ್ಲಿಷಿನಲ್ಲೇ ಇದ್ದ ಇಮೇಲ್ ವಿಳಾಸಗಳು ಅರ್ಥವಿಲ್ಲದ ಕನ್ನಡವಾಗಿದ್ದವು. ಮೂಲ ನೋಡಿ ಮತ್ತೆ ಟೈಪ್ ಮಾಡಿದೆ.

ಬರಹದಲ್ಲಿ ಉಪಮೆ ಸ್ವಲ್ಪ ಜಾಸ್ತಿಯೇ. ದರ್ಶನದ ಸಾಲಿನಲ್ಲಿ ನಿಂತು ಜಗಳವಾಡುತ್ತಿದ್ದ ಅಜ್ಜಿಯರ ಮಾತು ಮಾತ್ರ ಈಗಲೂ ಚೆನ್ನಾಗಿದೆ. ಅದನ್ನು ಅಕ್ಕನಿಗೆ ವಾಟ್ಸಾಪ್ ಮಾಡಿದೆ, ಅವಳ ಫೋನಿನಲ್ಲೂ ಸರಿಯಾಗಿ ಬಂತು.