ಸ್ಕೋರ್ ಇರಲಿ, ಬ್ರೇಕ್ ಎಲ್ಲಿ ಬಿತ್ತು ಅದನ್ನು ನೋಡಿ

ನಮ್ಮದು ಸರಕು ತಲುಪಿಸುವ ಕೆಲಸ. ಕೆಲವು ವ್ಯಾನ್‌ಗಳಿವೆ, ಓಡಿಸುವ ಹುಡುಗರಿದ್ದಾರೆ, ಜನ ಕಡಿಮೆ ಬಿದ್ದ ದಿನ ನಾನೂ ಸ್ಟೇರಿಂಗ್ ಹಿಡಿಯುತ್ತೇನೆ. ಹೇಗೆ ಓಡಿಸಿದರು ಅಂತ ದಾಖಲಿಸಿ ಸ್ಕೋರ್ ಕೊಡುವ ಡ್ರೈವಿಂಗ್ ಆ್ಯಪ್ ಒಂದನ್ನು ಡ್ರೈವರ್‌ಗಳ ಫೋನಿಗೆ ಹಾಕಿಸಿದ್ದು ಒಂದೇ ಕಾರಣಕ್ಕೆ. ಬೆಳಗ್ಗೆ ಹೋದವರು ಸಂಜೆ ಹೋದ ಹಾಗೇ ವಾಪಸ್ ಬರಬೇಕು. 2021ರಲ್ಲಿ ಪ್ರಪಂಚದ ರಸ್ತೆಗಳಲ್ಲಿ ಸುಮಾರು 11.9 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ದಿನವಿಡೀ ರಸ್ತೆಯಲ್ಲೇ ಇರುವವರನ್ನು ಕೆಲಸಕ್ಕೆ ಕಳಿಸುವವರಿಗೆ ಇದು ಬರೀ ಅಂಕಿ ಅಲ್ಲ.

ಆ್ಯಪ್‌ಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅನ್ನುವುದು ಮೊದಲು ಗೊತ್ತಿರಬೇಕು. ಫೋನಿನೊಳಗಿನ ಆಕ್ಸೆಲರೋಮೀಟರ್ ವೇಗ ಎಷ್ಟು ಜೋರಾಗಿ ಏರಿತು, ಇಳಿಯಿತು ಅಂತ ಅಳೆಯುತ್ತದೆ. ಗೈರೋಸ್ಕೋಪ್‌ಗೆ ತಿರುವು ಗೊತ್ತಾಗುತ್ತದೆ. ಜಿಪಿಎಸ್ ಜಾಗ, ವೇಗ ಎರಡನ್ನೂ ಹೇಳುತ್ತದೆ. ಗಾಡಿ ಓಡುವಾಗ ಸ್ಕ್ರೀನ್ ಮುಟ್ಟಿದರೆ ಕೆಲವು ಆ್ಯಪ್‌ಗಳು ಅದನ್ನೂ ಬರೆದಿಟ್ಟುಕೊಳ್ಳುತ್ತವೆ. ಆದರೆ ಮಗು ಅಡ್ಡ ಬಂದಿದ್ದಕ್ಕೆ ಬ್ರೇಕ್ ಹಾಕಿದ್ದೋ, ಮುಂದಿನ ಗಾಡಿಗೆ ಅಂಟಿಕೊಂಡು ಹೋಗಿದ್ದಕ್ಕೆ ಹಾಕಿದ್ದೋ, ಅದು ಆ್ಯಪ್‌ಗೆ ತಿಳಿಯುವುದಿಲ್ಲ. ಅದನ್ನು ಮನುಷ್ಯರೇ ಕೂತು ಮಾತಾಡಬೇಕು.

ಹಾಗಾಗಿ ಸ್ಕೋರ್ ಪಟ್ಟಿಯನ್ನು ಗೋಡೆಗೆ ಅಂಟಿಸುವುದು ಬೇಡವೇ ಬೇಡ ಅಂತ ಶುರುವಿನಲ್ಲೇ ನಿರ್ಧರಿಸಿದ್ದೆ. ಸ್ಕೋರ್ ಕಡಿಮೆಯಾಗುತ್ತೆ ಅನ್ನುವ ಅಳುಕಿನಲ್ಲಿ ಯಾರ ಕಾಲೂ ಬ್ರೇಕ್ ಮೇಲೆ ಅರೆಕ್ಷಣ ತಡವಾಗಬಾರದು. ಸಂಬಳಕ್ಕೂ ಸ್ಕೋರಿಗೂ ಸಂಬಂಧ ಇಲ್ಲ ಅಂತ ಎಲ್ಲರ ಮುಂದೆ ಹೇಳಿದೆ. ಡ್ಯೂಟಿ ಮುಗಿದ ಮೇಲೆ ಆ್ಯಪ್ ಆಫ್. ಅವರು ಆಮೇಲೆ ಎಲ್ಲಿಗೆ ಹೋಗುತ್ತಾರೆ ಅನ್ನುವುದು ನನಗೆ ಬೇಕಾಗಿಲ್ಲ. ಅಲ್ಲದೆ ಮನೆಗೆ ಬಸ್ಸಿನಲ್ಲಿ ಹೋದರೂ ಆ್ಯಪ್ ಅವರೇ ಓಡಿಸಿದರು ಅಂತ ತಿಳಿದುಕೊಳ್ಳಬಹುದು, ಅಲ್ವಾ?

ಫೋನಿಗೊಂದು ಗಟ್ಟಿ ಸ್ಟ್ಯಾಂಡ್ ಬೇಕು, ರಸ್ತೆ ಮರೆಯಾಗದ ಜಾಗದಲ್ಲಿ. ಸೀಟಿನ ಮೇಲೆ ಸುಮ್ನೆ ಇಟ್ಟ ಫೋನ್ ಜಾರಿ ಬಿದ್ದರೆ ಅದೂ ಜೋರು ಬ್ರೇಕ್ ಅಂತ ದಾಖಲಾಗಬಹುದು. ಓಡಿಸುವಾಗ ಬರುವ ಎಚ್ಚರಿಕೆ ಸದ್ದುಗಳಲ್ಲಿ ವೇಗ ಮಿತಿ ಮೀರಿದಾಗಿನದೊಂದನ್ನು ಬಿಟ್ಟು ಉಳಿದವನ್ನೆಲ್ಲ ಬಂದ್ ಮಾಡಿಸಿದೆ. ಬ್ರೇಕ್ ಹಾಕಿದ ಮೇಲೆ ಕಿರುಚಿ ಪ್ರಯೋಜನ ಏನು? ಆ ಹೊತ್ತಿಗೆ ಡ್ರೈವರ್ ಕಣ್ಣು ರಸ್ತೆ ಮೇಲಿರಬೇಕು. ಮೊದಲ ಕೆಲವು ವಾರ ಯಾರಿಗೂ ಏನೂ ಹೇಳಲಿಲ್ಲ. ಅವರ ಓಡಿಸುವ ರೀತಿ ಹೇಗಿದೆಯೋ ಹಾಗೇ ದಾಖಲಾಗಲಿ ಅಂತ ಬಿಟ್ಟೆ.

ಆಮೇಲೆ ಮ್ಯಾಪ್ ತೆರೆದೆ. ನಿಜವಾದ ವಿಷಯ ಸಿಕ್ಕಿದ್ದೇ ಅಲ್ಲಿ. ಜೋರು ಬ್ರೇಕಿನ ಕೆಂಪು ಚುಕ್ಕೆಗಳು ದಾರಿಯುದ್ದಕ್ಕೂ ಚೆಲ್ಲಿರಲಿಲ್ಲ, ಕೆಲವೇ ಜಾಗಗಳಲ್ಲಿ ಗುಂಪು ಕಟ್ಟಿದ್ದವು. ನಮ್ಮಲ್ಲಿ ಎಲ್ಲರಿಗಿಂತ ಹಳಬರಾದ ಡ್ರೈವರ್ ಒಬ್ಬರ ಮ್ಯಾಪಿನಲ್ಲಿ ಒಂದು ತಿರುವಿನ ಆಚೆ ಚುಕ್ಕೆ ಮೇಲೆ ಚುಕ್ಕೆ ಬಿದ್ದಿತ್ತು. ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ.

“ಅಲ್ಲಿ ಮುಂದಿನವರು ಸಡನ್ನಾಗಿ ನಿಲ್ಲಿಸಿಬಿಡ್ತಾರೆ ಸಾರ್.”

“ದಿನಾ ಅಲ್ಲೇ ನಿಲ್ಲಿಸಿದ್ರೆ ಅದು ಸಡನ್ ಹೇಗಾಗುತ್ತೆ ಅಣ್ಣ?”

ಅವರು ಮ್ಯಾಪನ್ನು ದೊಡ್ಡದು ಮಾಡಿ ನೋಡಿದರು. ತಿರುವು ದಾಟಿದ ಕೂಡಲೇ ಬಸ್ ಸ್ಟಾಪ್. ತಿರುವಿನ ಈಚೆಯಿಂದ ಅದು ಕಾಣುವುದಿಲ್ಲ. ಬಸ್ ನಿಂತರೆ ಹಿಂದಿನ ಗಾಡಿಗಳೂ ನಿಲ್ಲುತ್ತವೆ, ಇವರು ಅದೇ ವೇಗದಲ್ಲಿ ಬಂದು ಕೊನೆಗೆ ತುಳಿಯುತ್ತಾರೆ. “ತಿರುವಿಗೆ ಮುಂಚೆನೇ ಕಾಲು ತೆಗೀಬೇಕು” ಅಂತ ಅವರೇ ಹೇಳಿದರು. ನಾನೇನೂ ಸೇರಿಸಲಿಲ್ಲ. ಆ ಗುಂಪು ಕ್ರಮೇಣ ತೆಳುವಾಯಿತು. ನನಗೆ ಅದಕ್ಕಿಂತ ಖುಷಿ ಕೊಟ್ಟಿದ್ದು, ಅವರು ಹೊಸ ಹುಡುಗನಿಗೆ ಅದೇ ಮ್ಯಾಪ್ ತೋರಿಸಿ ಆ ಜಾಗವನ್ನು ವಿವರಿಸಿದ್ದು.

ಜೋರು ಬ್ರೇಕ್ ಅನ್ನುವುದು ಜ್ವರ ಇದ್ದ ಹಾಗೆ, ರೋಗ ಬೇರೆ ಕಡೆ ಇರುತ್ತದೆ. ನಾನು ನೋಡಿದ ಮಟ್ಟಿಗೆ ಆ ರೋಗ ಬಹುತೇಕ ಅಂತರ ಬಿಡದೇ ಇರುವುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮುಂದಿನ ಗಾಡಿ ಒಂದು ಕಂಬ ದಾಟಿದಾಗಿನಿಂದ ಎಣಿಸಿ, ನೀವು ಆ ಕಂಬ ಮುಟ್ಟುವ ಹೊತ್ತಿಗೆ ಕನಿಷ್ಠ ಎರಡು ಸೆಕೆಂಡ್ ಆಗಿರಬೇಕು. ಲೋಡ್ ಇದ್ದರೆ ಮೂರು, ಮಳೆ ಬಂದರೆ ಇನ್ನೂ ಜಾಸ್ತಿ. ಒಬ್ಬೊಬ್ಬರಿಗೂ ಒಂದು ಸಲಕ್ಕೆ ಒಂದೇ ಅಭ್ಯಾಸ ಅಂತ ಇಟ್ಟುಕೊಂಡೆವು. ಅಂತರ ಸರಿಹೋಗುವ ತನಕ ಬೇರೆ ಮಾತು ಎತ್ತಲಿಲ್ಲ.

ವೇಗದ ವಿಷಯದಲ್ಲಿ ಬೈಗುಳಕ್ಕಿಂತ ಲೆಕ್ಕ ಕೆಲಸ ಮಾಡಿತು. 10 ಕಿ.ಮೀ. ದಾರಿಯನ್ನು 60ರ ಬದಲು 70ರಲ್ಲಿ ಹೋದರೆ ಉಳಿಯುವುದು ಒಂದೂವರೆ ನಿಮಿಷದಷ್ಟೇ. ವೇಗ ದುಪ್ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಆ್ಯಪ್ ತೋರಿಸುವ ವೇಗ ಮಿತಿ ಕೆಲವೊಮ್ಮೆ ಹಳೆಯದಿರುತ್ತದೆ, ರಸ್ತೆ ಬದಿಯ ಬೋರ್ಡ್ ಹೇಳಿದ್ದೇ ಲೆಕ್ಕ.

ಫೋನ್ ಚಟ ಬಿಡಿಸುವುದು ಎಲ್ಲಕ್ಕಿಂತ ಕಷ್ಟ. ಓಡಿಸುವಾಗ ಫೋನ್ ಬಳಸಿದರೆ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೈಯಲ್ಲಿ ಹಿಡಿಯದೆ ಮಾತಾಡಿದರೂ ಅಪಾಯ ಅಷ್ಟೇನೂ ಕಡಿಮೆಯಾಗುವುದಿಲ್ಲ. ಹಾಗಾಗಿ ಬ್ಲೂಟೂತ್ ಕೂಡ ಬೇಡ ಅಂದೆ. ಆ್ಯಪ್‌ನ ದಾಖಲೆ ನೋಡಿ ಡ್ರೈವರ್‌ಗಳನ್ನು ಕೇಳಿದಾಗ ಗೊತ್ತಾಗಿದ್ದು, ಹೆಚ್ಚಿನ ಕರೆ ಬರುವುದು ಗ್ರಾಹಕರಿಂದ. “ಎಲ್ಲಿದ್ದೀರಿ, ಎಷ್ಟೊತ್ತಾಗುತ್ತೆ?” ಅಂತ. ಹೀಗಿರುವಾಗ ಡ್ರೈವರ್‌ಗೆ ಬುದ್ಧಿ ಹೇಳಿದರೆ ಸಾಕಾ? ಗ್ರಾಹಕರಿಗೆ ಡ್ರೈವರ್ ನಂಬರ್ ಕೊಡುವುದನ್ನೇ ನಿಲ್ಲಿಸಿದೆವು. ಕರೆಗಳೆಲ್ಲ ಆಫೀಸಿಗೆ ಬರುತ್ತವೆ, ಗಾಡಿ ಎಲ್ಲಿದೆ ಅಂತ ನಾವು ನೋಡಿ ಹೇಳುತ್ತೇವೆ. ಗಾಡಿ ಹೊರಟ ಕೂಡಲೇ ಫೋನು ತಾನಾಗಿ ನೋಟಿಫಿಕೇಷನ್ ತಡೆಹಿಡಿಯುವ ಸೆಟ್ಟಿಂಗ್ ಎಷ್ಟೋ ಫೋನ್‌ಗಳಲ್ಲಿ ಮೊದಲೇ ಇರುತ್ತದೆ. ಐಫೋನ್‌ಗೆ ಅದು 2017ರಲ್ಲೇ ಬಂತು. ಅದನ್ನೂ ಎಲ್ಲರಿಗೂ ಆನ್ ಮಾಡಿಕೊಟ್ಟೆ.

ಇನ್ನು ನಿದ್ದೆ. ನಾವು ಬಳಸುವ ಆ್ಯಪ್‌ಗೆ ತೂಕಡಿಕೆ ಕಾಣುವುದಿಲ್ಲ, ಆದರೆ ಟೈಮ್ ಕಾಣುತ್ತದೆ. ಚುಕ್ಕೆಗಳನ್ನು ಗಂಟೆ ಪ್ರಕಾರ ಜೋಡಿಸಿ ನೋಡಿದರೆ ಶಿಫ್ಟಿನ ಕೊನೆಯಲ್ಲಿ ಜಾಸ್ತಿ ಇದ್ದವು. ಅದಕ್ಕೆ ದೂರದ ಟ್ರಿಪ್‌ಗಳನ್ನು ಈಗ ಶಿಫ್ಟಿನ ಮೊದಲ ಅರ್ಧಕ್ಕೆ ಹಾಕುತ್ತೇವೆ. ಎರಡು ಗಂಟೆ ಓಡಿಸಿದ ಮೇಲೆ ಗಾಡಿ ನಿಲ್ಲಿಸಿ ಇಳಿಯಲೇಬೇಕು. ಆ ವಿರಾಮವನ್ನು ತಲುಪಿಸುವ ಸಮಯದ ಲೆಕ್ಕದಲ್ಲೇ ಸೇರಿಸಿರುತ್ತೇವೆ, ಹಾಗಾಗಿ ಲೇಟಾಯಿತು ಅಂತ ಯಾರೂ ಜೋರಾಗಿ ಓಡಿಸಿಕೊಂಡು ಬರಬೇಕಾಗಿಲ್ಲ.